ಒಡೆದ ಎರಕ ಗುಜರಿಯಲ್ಲ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೊದಲು ಜಾವಾ, 1973ರ ನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರ್ ಸೈಕಲ್‌ಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿದರೂ ಆ ವಾಹನಗಳು ರಸ್ತೆಯಿಂದ ಮರೆಯಾಗಿಲ್ಲ. ಈ ಎರಡು ಹೆಸರುಗಳು 2018 ಮತ್ತು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವಾದರೂ ಹೊಸ ವಾಹನಗಳದು ನಾಲ್ಕು ಸ್ಟ್ರೋಕ್ ಎಂಜಿನ್. ಅವುಗಳ ಎಂಜಿನ್ ಭಾಗಗಳು ಹಳೆಯ ಎರಡು ಸ್ಟ್ರೋಕ್ ಎಂಜಿನ್‌ಗೆ ಒದಗುವುದಿಲ್ಲ. ಆದ್ದರಿಂದ ಹಳೆಯ ವಾಹನದ ಅಲ್ಯೂಮಿನಿಯಂ ಎರಕವೊಂದು ಒಡೆದಾಗ ಮಾಲೀಕನು ನಂಬಬೇಕಾದುದು ಸಣ್ಣ ಕಾರ್ಯಾಗಾರವನ್ನೇ.

ಈ ನಂಬಿಕೆಗೆ ತಕ್ಕ ಕೆಲಸ ಎಲ್ಲೆಡೆ ನಡೆಯುತ್ತಿದೆಯೆಂದು ಹೇಳಲಾಗದು. ಬಿರುಕು ಬಿಟ್ಟ ಕ್ರ್ಯಾಂಕ್‌ಕೇಸನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು ಒಂದು ತಪ್ಪು. ಬಿರುಕಿನ ಮೇಲೆ ಅಂಟು ಮೆತ್ತಿ ಬಣ್ಣ ಬಳಿದು ಕೊಡುವುದು ಇನ್ನೊಂದು ತಪ್ಪು. ಮೊದಲನೆಯದರಿಂದ ಮತ್ತೆ ದೊರೆಯದ ವಸ್ತು ನಾಶವಾಗುತ್ತದೆ. ಎರಡನೆಯದರಿಂದ ಗ್ರಾಹಕನ ವಿಶ್ವಾಸ ನಾಶವಾಗುತ್ತದೆ.

ಲೋಹದ ಸ್ವಭಾವ

ಅಲ್ಯೂಮಿನಿಯಂ ದುರಸ್ತಿಯನ್ನು ಕಬ್ಬಿಣದ ವೆಲ್ಡಿಂಗಿನಂತೆ ಭಾವಿಸುವುದೇ ಬಹುಪಾಲು ವಿಫಲತೆಗಳ ಮೂಲ. ಈ ಲೋಹ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಕದ ಮಿಶ್ರಲೋಹಗಳು ಅದಕ್ಕಿಂತಲೂ ಕಡಿಮೆ ಶಾಖದಲ್ಲಿ ಕರಗುತ್ತವೆ. ಆದರೆ ಅದರ ಮೇಲ್ಮೈಯಲ್ಲಿರುವ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆ ನೀಡದೆ, ಅಲ್ಯೂಮಿನಿಯಂ ಒಮ್ಮೆಲೇ ಕುಸಿದುಬೀಳುತ್ತದೆ. ಈ ಕಾರಣಗಳಿಂದಲೇ ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಪರ್ಯಾಯ ವಿದ್ಯುತ್ ಬಳಸುವ ಟಿಗ್ ವೆಲ್ಡಿಂಗ್ ಈ ಕೆಲಸಕ್ಕೆ ಒಪ್ಪುವ ವಿಧಾನ. ಆ ವಿದ್ಯುತ್ತಿನ ಒಂದು ಅರ್ಧಾವರ್ತ ಆಕ್ಸೈಡನ್ನು ಒಡೆಯುತ್ತದೆ, ಮತ್ತೊಂದು ಲೋಹವನ್ನು ಕರಗಿಸುತ್ತದೆ.

ಹಳೆಯ ಎರಕಗಳಲ್ಲಿ ಮತ್ತೊಂದು ತೊಡಕುಂಟು. ದಶಕಗಳ ಕಾಲ ಎಣ್ಣೆಯಲ್ಲಿ ನೆನೆದ ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಉಳಿದಿರುತ್ತದೆ. ಶಾಖ ತಗುಲಿದೊಡನೆ ಅದು ಅನಿಲವಾಗಿ ಹೊರಬಂದು ಬೆಸುಗೆಯನ್ನು ಜರಡಿಯಂತೆ ಮಾಡುತ್ತದೆ. ಆದುದರಿಂದ ನಿಜವಾದ ಕೆಲಸದ ಹೆಚ್ಚಿನ ಪಾಲು ಟಾರ್ಚ್ ಹೊತ್ತಿಸುವ ಮೊದಲೇ ನಡೆಯಬೇಕು. ದ್ರಾವಕದಲ್ಲಿ ತೊಳೆದು, ಒಲೆಯಲ್ಲಿ ಬಿಸಿಮಾಡಿ ಎಣ್ಣೆಯನ್ನು ಹೊರಗೆಳೆದು, ಮತ್ತೆ ತೊಳೆಯಬೇಕು. ಬಿರುಕಿನ ಎರಡೂ ತುದಿಗಳನ್ನು ಗುರುತಿಸಿ ಅಲ್ಲಿ ಚಿಕ್ಕ ರಂಧ್ರ ಕೊರೆದರೆ ಬಿರುಕು ಮುಂದಕ್ಕೆ ಹಬ್ಬುವುದಿಲ್ಲ. ಅನಂತರ ಬಿರುಕನ್ನು ಇಂಗ್ಲಿಷ್ ವಿ ಅಕ್ಷರದಾಕಾರದಲ್ಲಿ ತೆರೆದು, ಇದಕ್ಕೆಂದೇ ಮೀಸಲಿಟ್ಟ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಉಜ್ಜಬೇಕು. ಎರಕದಲ್ಲಿ ಸಿಲಿಕಾನ್ ಇರುವುದರಿಂದ ಶೇಕಡ 5 ಸಿಲಿಕಾನ್ ಇರುವ 4043 ಅಥವಾ ಶೇಕಡ 12 ಇರುವ 4047 ತಂತಿಯನ್ನು ಬಳಸುವುದು ವಾಡಿಕೆ. ದಪ್ಪ ಎರಕಗಳನ್ನು ಮುಂಚಿತವಾಗಿ ಸಮನಾಗಿ ಬಿಸಿಮಾಡಿ, ಬೆಸುಗೆಯ ನಂತರ ನಿಧಾನವಾಗಿ ತಣಿಸಬೇಕು.

ಎಲ್ಲಿ ಎಚ್ಚರ ಬೇಕು

ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಎಂಬುದು ಬರಿಯ ಪೆಟ್ಟಿಗೆಯಲ್ಲ; ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಅದುಮಲ್ಪಡುವುದು ಅಲ್ಲಿಯೇ. ಕೂದಲೆಳೆಯಷ್ಟು ಸೋರಿಕೆಯಿದ್ದರೂ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪಿಸ್ಟನ್ ಅತಿಯಾಗಿ ಕಾದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ. ಹೊರಗಿನಿಂದ ನಯವಾಗಿ ಕಾಣುವ ಅಂಟಿನ ದುರಸ್ತಿ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುವುದು ಹೀಗೆ. ಅಲ್ಲದೆ ಕ್ರ್ಯಾಂಕ್‌ಕೇಸಿನ ಎರಡು ಭಾಗಗಳು ಜೋಡಿಯಾಗಿ ಯಂತ್ರಕ್ಕೆ ಒಡ್ಡಲ್ಪಟ್ಟವು. ಬೆಸುಗೆಯ ಶಾಖಕ್ಕೆ ಒಂದು ಭಾಗ ತಿರುಚಿದರೂ ಬೇರಿಂಗ್‌ಗಳ ನೇರ ತಪ್ಪುತ್ತದೆ. ಬೆಸುಗೆಯ ನಂತರ ಮುಖಗಳ ಸಮತಲವನ್ನೂ ಬೇರಿಂಗ್ ಕೂರುವ ಜಾಗದ ಅಳತೆಯನ್ನೂ ಪರೀಕ್ಷಿಸದೆ ಮಾಡಿದ ಕೆಲಸ ಅರ್ಧ ಕೆಲಸವೇ.

ಪ್ರತಿಯೊಂದಕ್ಕೂ ಬೆಸುಗೆಯೇ ಮದ್ದಲ್ಲ. ಸವೆದ ಸ್ಪಾರ್ಕ್ ಪ್ಲಗ್ ಅಥವಾ ಡ್ರೇನ್ ಪ್ಲಗ್ ಮರೆಗೆ ಉಕ್ಕಿನ ಸುರುಳಿ ಇಲ್ಲವೆ ಬುಷ್ ಕೂರಿಸುವುದು ಬೆಸುಗೆಗಿಂತ ಸುರಕ್ಷಿತ. ಕೆಲವು ಹಳೆಯ ಕಾರ್ಬ್ಯುರೇಟರ್‌ಗಳು ಅಲ್ಯೂಮಿನಿಯಂ ಆಗಿರದೆ ಸತುವಿನ ಮಿಶ್ರಲೋಹದವು. ಕೈಯಲ್ಲಿ ಹಿಡಿದರೆ ಎರಡು ಪಟ್ಟಿಗೂ ಹೆಚ್ಚು ಭಾರವೆನಿಸುವ ಅವು ಟಾರ್ಚಿನ ಕೆಳಗೆ ನೀರಾಗಿ ಹರಿದುಹೋಗುತ್ತವೆ. ಬಿರುಕು ಬಿಟ್ಟ ಚಕ್ರದ ಹಬ್ ಅಥವಾ ಫೋರ್ಕ್ ಹಿಡಿಯುವ ಯೋಕ್‌ನಂತಹ ಪ್ರಾಣರಕ್ಷಕ ಭಾಗಗಳನ್ನು ಬೆಸೆಯಲು ನಿರಾಕರಿಸುವುದೇ ಕಸುಬಿನ ಧರ್ಮ.

ಬೆಲೆ ಮತ್ತು ಕಾನೂನು

ಇಷ್ಟೊಂದು ಖರ್ಚು ಮಾಡುವ ಬದಲು ಹಳೆಯ ಮತ್ತೊಂದು ಕ್ರ್ಯಾಂಕ್‌ಕೇಸ್ ಕೊಳ್ಳಬಾರದೇಕೆ ಎಂಬುದು ಗ್ರಾಹಕರ ಸಹಜ ಪ್ರಶ್ನೆ. ಹಾಗೆ ಕೊಂಡದ್ದು ತನ್ನದೇ ಸವೆತವನ್ನು ಹೊತ್ತು ತರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಸಂಖ್ಯೆ ಅಚ್ಚಾಗಿರುವುದು ಆ ಎರಕದ ಮೇಲೆಯೇ. ಅದನ್ನು ಬದಲಿಸಿದರೆ ನೋಂದಣಿ ದಾಖಲೆಯಲ್ಲೂ ತಿದ್ದುಪಡಿಯಾಗಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿಗೆ ಅವಕಾಶ ನೀಡಿವೆ. ಮೈಸೂರಿನಲ್ಲಿ ತಯಾರಾದ ಮೊದಲ ಜಾವಾಗಳು 2011ರಲ್ಲೇ, ಮೊದಲ ಯೆಜ್ಡಿಗಳು 2023ರಲ್ಲಿ ಈ ವಯಸ್ಸನ್ನು ಮುಟ್ಟಿದವು. ಮುಂದೆ ವರ್ಷದಿಂದ ವರ್ಷಕ್ಕೆ ಇವುಗಳ ಸಾಲು ಬೆಳೆಯುವುದು. ಮೂಲ ಸಂಖ್ಯೆಯ ಎರಕವನ್ನು ಉಳಿಸಿಕೊಡುವ ಕಾರ್ಯಾಗಾರ ಮಾಲೀಕನ ಆಸ್ತಿಯ ಬೆಲೆಯನ್ನೇ ಉಳಿಸಿಕೊಡುತ್ತದೆ.

ಹೀಗಿರುವಾಗ ದುರಸ್ತಿಯ ದರವನ್ನು ಬೆಸುಗೆಯ ಅಂಗುಲದ ಲೆಕ್ಕದಲ್ಲಿ ನಿಗದಿಪಡಿಸುವ ರೂಢಿ ಕೈಬಿಡುವುದು ಒಳಿತು. ಪರಿಶೀಲನೆ, ಶುದ್ಧೀಕರಣ, ಬೆಸುಗೆ, ಯಂತ್ರಗೆಲಸ, ಸೋರಿಕೆ ಪರೀಕ್ಷೆ ಇವುಗಳಿಗೆ ಪ್ರತ್ಯೇಕ ದರ ನಮೂದಿಸಿದ ಜಾಬ್ ಕಾರ್ಡ್ ಇದ್ದರೆ ಗ್ರಾಹಕನಿಗೆ ತಾನು ಯಾವುದಕ್ಕೆ ಹಣ ತೆರುತ್ತಿರುವೆನೆಂಬುದು ತಿಳಿಯುತ್ತದೆ. ಕೆಲಸಕ್ಕೆ ಮುನ್ನ ಮತ್ತು ನಂತರದ ಛಾಯಾಚಿತ್ರಗಳನ್ನೂ, ಎಂಜಿನ್ ಸಂಖ್ಯೆಗೆ ಧಕ್ಕೆಯಾಗಿಲ್ಲವೆಂಬ ಲಿಖಿತ ಟಿಪ್ಪಣಿಯನ್ನೂ ಅದಕ್ಕೆ ಲಗತ್ತಿಸಬೇಕು. ಬಿಡಿಭಾಗಗಳ ವರ್ತಕರು ಒಡೆದ ಎರಕಗಳನ್ನು ಕರಗಿಸಲು ಕಳುಹಿಸುವ ಮುನ್ನ ಬಲ್ಲ ವೆಲ್ಡರನಿಗೊಮ್ಮೆ ತೋರಿಸಿದರೆ ಅವರಿಗೂ ಲಾಭವೇ.

ಈ ಕೈಚಳಕ ಬಹುಮಟ್ಟಿಗೆ ಹಿರಿಯ ವೆಲ್ಡರರ ಕೈಯಲ್ಲಿಯೇ ಉಳಿದಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಸಂಸ್ಥೆಗಳ ಜೊತೆಗೂಡಿ ವಾಣಿಜ್ಯ ಸಂಘಗಳು ಹಳೆಯ ಎರಕಗಳ ದುರಸ್ತಿಗೆಂದೇ ಅಲ್ಪಾವಧಿ ತರಬೇತಿಗಳನ್ನು ಏರ್ಪಡಿಸಿದರೆ ಈ ವಿದ್ಯೆ ಮುಂದಿನ ಪೀಳಿಗೆಗೆ ದಾಟೀತು. ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಅದರ ಸುತ್ತಲಿನ ಕಸುಬೂ ಮುಚ್ಚಬೇಕಾಗಿಲ್ಲ. ಹೊಸ ಎರಕ ಹೊಯ್ಯುವವರಿಲ್ಲದ ಕಾಲದಲ್ಲಿ ಹಳೆಯದನ್ನು ಪ್ರಾಮಾಣಿಕವಾಗಿ ಬೆಸೆದು ಕೊಡುವುದೂ ಉತ್ಪಾದನೆಯೇ ಸರಿ.