ಗ್ರಾಮಸಭೆಯೂ ವಿದ್ಯಾವಂತರೂ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಯಾವ ಹಾದಿಯನ್ನು ಹಿಡಿದು ನಡೆದರೂ ಮೊದಲು ಕಣ್ಣಿಗೆ ಬೀಳತಕ್ಕದ್ದು ಶಿಲಾಫಲಕವು. ಚರಂಡಿಗೊಂದು ಕಲ್ಲು, ನೀರಿನ ತೊಂಬೆಗೊಂದು ಕಲ್ಲು, ಸಮುದಾಯಭವನಕ್ಕೊಂದು ಕಲ್ಲು. ಅದರ ಮೇಲೆ ಶಂಕುಸ್ಥಾಪನೆ ಮಾಡಿದವರ ಹೆಸರುಂಟು, ಅಧ್ಯಕ್ಷತೆ ವಹಿಸಿದವರ ಹೆಸರುಂಟು, ಸಮಾರಂಭಕ್ಕೆ ಬಂದು ಶೋಭೆಯನ್ನು ಹೆಚ್ಚಿಸಿದವರ ಹೆಸರೂ ಉಂಟು. ಕೆಲಸವು ಮುಗಿದ ದಿನ ಯಾವುದು, ವ್ಯಯವಾದ ಹಣವೆಷ್ಟು, ಆ ಕೆಲಸವನ್ನು ಅಳೆದು ನೋಡಿದವರು ಯಾರು ಎಂಬ ಸಂಗತಿಗಳು ಮಾತ್ರ ಅಲ್ಲಿ ದೊರೆಯುವುದು ಅಪೂರ್ವ. ಮರುದಿನದ ವೃತ್ತಪತ್ರಿಕೆಯಲ್ಲಿ ಬರುವ ವಾರ್ತೆಯೂ ಈ ಕಲ್ಲಿನ ಪ್ರತಿಯೇ ಆಗಿರುವುದು. ಪಂಚಾಯಿತಿಯ ಸಮಾಚಾರವೆಂದರೆ ಇಷ್ಟೇ ಎಂದು ಜನರು ನಂಬಿಬಿಟ್ಟಿದ್ದಾರೆ. ಈ ನಂಬಿಕೆಯು ತಪ್ಪು. ಊರಿನವರಿಗೆ ತಿಳಿಯಬೇಕಾದದ್ದು ಕಾಮಗಾರಿಯ ಲೆಕ್ಕ. ಅದನ್ನು ಕೇಳತಕ್ಕ ಸ್ಥಳವು ಗ್ರಾಮಸಭೆ. ಆ ಸಭೆಯನ್ನು ಬರಿದುಮಾಡಿದವರಲ್ಲಿ ಓದುಬರಹ ಬಲ್ಲ ಮನೆತನಗಳವರೇ ಮೊದಲಿಗರೆಂಬುದು ಕಹಿಯಾದ ಮಾತು. ಆದರೂ ಆಡದೆ ವಿಧಿಯಿಲ್ಲ.

ಗ್ರಾಮಸಭೆಯೆಂದರೆ ಚುನಾಯಿತ ಸದಸ್ಯರ ಕೂಟವೆಂದು ಅನೇಕರು ತಿಳಿದಿರುವರು. ಹಾಗಲ್ಲ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಅದರ ಸದಸ್ಯರು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳು ಮೀರಕೂಡದೆಂದು ವಿಧಿಸಿದೆ. ಸದಸ್ಯರಲ್ಲಿ ಹತ್ತನೆಯ ಒಂದು ಭಾಗವಾಗಲಿ, ನೂರು ಮಂದಿಯಾಗಲಿ, ಯಾವುದು ಕಡಮೆಯೋ ಅಷ್ಟು ಜನರು ಕೂಡದಿದ್ದರೆ ಅದು ಸಭೆಯೇ ಅಲ್ಲ. ಅದರ ಕೆಳಗೆ ವಾರ್ಡು ಸಭೆಯುಂಟು. ವರ್ಷಕ್ಕೊಮ್ಮೆ ಕಾಮಗಾರಿಗಳನ್ನೂ ದಾಖಲೆಗಳನ್ನೂ ಬಹಿರಂಗವಾಗಿ ಪರೀಕ್ಷಿಸತಕ್ಕ ಜಮಾಬಂದಿಯುಂಟು. 2005ರ ಮಾಹಿತಿ ಹಕ್ಕಿನ ಅಧಿನಿಯಮವು, ಯಾರೂ ಕೇಳುವುದಕ್ಕೆ ಮೊದಲೇ ಕಚೇರಿಗಳು ತಮ್ಮ ಆಯವ್ಯಯವನ್ನು ಪ್ರಕಟಿಸತಕ್ಕದ್ದೆಂದು ಆಜ್ಞಾಪಿಸಿದೆ. ವಿಧಿಯಲ್ಲಿ ಕೊರತೆಯಿಲ್ಲ. ಆಚರಣೆಯಲ್ಲಾದರೋ ಎಷ್ಟೋ ಊರುಗಳಲ್ಲಿ ಶಾಮಿಯಾನದ ಕೆಳಗೆ ಮೂವತ್ತು ಮಂದಿ ಕುಳಿತಿರುವರು. ಉಳಿದ ಸಹಿಗಳನ್ನು ಪಡೆಯುವುದಕ್ಕಾಗಿ ಪುಸ್ತಕವು ಸಂಜೆ ಮನೆಮನೆಗೆ ಹೊರಡುವುದು. ಆ ಪುಸ್ತಕಕ್ಕೆ ಜಗಲಿಯ ಮೇಲೆ ಕುಳಿತೇ ಸಹಿ ಹಾಕತಕ್ಕವರು ಯಾರು? ಅಂಗುಷ್ಠದ ಗುರುತು ಒತ್ತುವ ಕೂಲಿಯವನೊಬ್ಬನೇ ಅಲ್ಲ.

ಇದಕ್ಕೆ ವಿದ್ಯಾವಂತರು ಹೇಳುವ ಪೂರ್ವಪಕ್ಷಗಳು ಮೂರು.

ಅಧಿಕಾರವು ದೂರದಲ್ಲಿದೆ, ಇಲ್ಲಿ ಕೂಗಿದರೆ ಅಲ್ಲಿ ಕೇಳಿಸದು ಎಂಬುದು ಮೊದಲನೆಯದು. ಒಂದು ಕಾಲಕ್ಕೆ ಈ ಮಾತು ಸತ್ಯವಾಗಿದ್ದಿತು. 1956ನೆಯ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಯ ಕಚೇರಿಯನ್ನು ಕಾಣಬೇಕಾದರೆ ಕನ್ನಡದ ರೈತನು ಘಟ್ಟವನ್ನಿಳಿದು ಅನ್ಯಭಾಷೆಯ ಊರಿಗೆ ಹೋಗಬೇಕಾಗಿದ್ದಿತು. ಆ ಬಳಿಕ ಜಿಲ್ಲೆಯ ಕೇಂದ್ರವು ಮೈಸೂರಾಯಿತು; 1997ರಲ್ಲಿ ಚಾಮರಾಜನಗರವಾಯಿತು; ಕಾಲಾನಂತರದಲ್ಲಿ ಹನೂರು ತಾನೇ ತಾಲ್ಲೂಕಾಯಿತು. 2025ನೆಯ ಏಪ್ರಿಲ್ 24ರಂದು ರಾಜ್ಯದ ಮಂತ್ರಿಮಂಡಲವೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿ ಯೋಜನೆಗಳನ್ನು ಘೋಷಿಸಿತು. ಅಧಿಕಾರವು ಇದಕ್ಕಿಂತ ಹತ್ತಿರಕ್ಕೆ ಬರುವುದೆಂತು? ಅದು ಬೆಟ್ಟವನ್ನೇರಿ ಬಂದರೂ ಮನೆಯಿಂದ ಅರಳಿಕಟ್ಟೆಯವರೆಗೆ ಬಾರದವನು ದೂರದ ಮಾತನ್ನಾಡಕೂಡದು.

ಎರಡನೆಯದು, ಈ ಸಂಸ್ಥೆಗಳಿಗೆ ಸ್ವಾತಂತ್ರ್ಯವೇ ಇಲ್ಲವೆಂಬುದು. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನವು ಹೇಳಿದ್ದರೂ ಆಮೇಲೆ ವರ್ಷಗಳ ಕಾಲ ಅಧಿಕಾರಿಗಳೇ ಅವುಗಳನ್ನು ನಡೆಸಿದರು. ಇದು ನಾಚಿಕೆಗೇಡೆಂಬುದರಲ್ಲಿ ವಿವಾದವಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಬೇರೊಂದು. ಮೇಲಿನ ಎರಡು ಮೆಟ್ಟಿಲುಗಳು ಕುಸಿದಾಗ ಕೆಳಗಿನ ಮೆಟ್ಟಿಲನ್ನು ಹೆಚ್ಚು ಭದ್ರವಾಗಿ ಕಾಯಬೇಕಲ್ಲದೆ ಅದನ್ನೂ ಬಿಟ್ಟುಬಿಡುವುದು ವಿವೇಕವಲ್ಲ. ಪಂಚಾಯಿತಿಗೆ ಅವಧಿಯುಂಟು, ಗ್ರಾಮಸಭೆಗೆ ಅವಧಿಯಿಲ್ಲ. ಮತದಾರರು ಇರುವವರೆಗೂ ಅದು ಇರುವುದು.

ಅಲ್ಲಿ ಕಚ್ಚಾಟವೇ ಹೆಚ್ಚು, ಮರ್ಯಾದಸ್ಥರು ಹೋಗತಕ್ಕ ಸ್ಥಳವಲ್ಲ ಎಂಬುದು ಮೂರನೆಯದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜದ್ರವ್ಯದ ಅಪಹಾರಕ್ಕೆ ನಲವತ್ತು ಮಾರ್ಗಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಹೆಚ್ಚಿನವು ಲೆಕ್ಕದ ಬರಹದಲ್ಲಿಯೇ ನಡೆಯತಕ್ಕವು. ಕತ್ತಿಯಿಂದ ಆಗುವ ಕಳವನ್ನು ಕಾವಲುಗಾರನು ತಡೆಯಬಲ್ಲನು. ಲೇಖನಿಯಿಂದ ಆಗುವ ಕಳವನ್ನು ಓದಬಲ್ಲವನೇ ತಡೆಯಬೇಕು. ಓದಬಲ್ಲವನು ಮರ್ಯಾದೆಯ ನೆಪದಿಂದ ಮನೆಯಲ್ಲಿ ಕುಳಿತರೆ ನಲವತ್ತು ಮಾರ್ಗಗಳಿಗೂ ಬಾಗಿಲು ತೆರೆದಂತೆಯೇ ಸರಿ.

ಸಭೆಯು ಬರಿದಾದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2024ನೆಯ ಏಪ್ರಿಲ್ 26, ಲೋಕಸಭಾ ಚುನಾವಣೆಯ ದಿನ. ಹನೂರು ತಾಲ್ಲೂಕಿನ ಇಂಡಿಗನತ್ತದ ಜನರು ರಸ್ತೆ, ನೀರು ಮುಂತಾದ ಸೌಕರ್ಯಗಳಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದ್ದರು. ಅಧಿಕಾರಿಗಳು ಮನವೊಲಿಸಲು ಬಂದಾಗ ಘರ್ಷಣೆಯಾಯಿತು, ಕಲ್ಲು ತೂರಾಟ ನಡೆಯಿತು, ಮತಯಂತ್ರವು ಪುಡಿಯಾಯಿತು. ಮೊಕದ್ದಮೆಗಳು ಹೂಡಲ್ಪಟ್ಟು ಹಲವರು ಬಂಧಿತರಾದರು. 29ರಂದು ಮರುಮತದಾನ ನಡೆದಾಗ, ಐನೂರಕ್ಕೂ ಹೆಚ್ಚು ಮತದಾರರಿದ್ದ ಆ ಮತಗಟ್ಟೆಯಲ್ಲಿ ಮತ ಹಾಕಿದವರು ನೂರಕ್ಕೂ ಕಡಮೆ. ಹಿಂಸೆಯನ್ನು ಸಮರ್ಥಿಸುವುದು ಯಾರಿಗೂ ಸಲ್ಲದು. ಆದರೆ ಮತಯಂತ್ರವನ್ನು ಒಡೆದ ಕೈಯನ್ನು ಮಾತ್ರ ಕಂಡು, ಅನಾರೋಗ್ಯವಾದಾಗ ರೋಗಿಯನ್ನು ಡೋಲಿಯಲ್ಲಿ ಹೊತ್ತು ಕಾಡುಹಾದಿಯಲ್ಲಿ ನಡೆಯುವ ಹೆಗಲನ್ನು ಕಾಣದಿದ್ದರೆ ಅದು ನ್ಯಾಯವಲ್ಲ. ಪೇಟೆಯ ಜಗಲಿಗಳಲ್ಲಿ ಆ ವಾರ ಆಡಿದ್ದೆಲ್ಲ ಕೈಯ ಮಾತೇ.

ಅಲ್ಲಿ ರಸ್ತೆಯೇಕೆ ಆಗಲಿಲ್ಲವೆಂದು ಕೇಳಿದರೆ, ಅದು 2013ರಲ್ಲಿ ಘೋಷಿತವಾದ ವನ್ಯಧಾಮವೆಂಬ ಉತ್ತರವು ಬರುವುದು. ಉತ್ತರವು ಸುಳ್ಳಲ್ಲ, ಅಪೂರ್ಣ. 2006ರ ಅರಣ್ಯ ಹಕ್ಕುಗಳ ಅಧಿನಿಯಮದ ಮೂರನೆಯ ಪ್ರಕರಣವು ಶಾಲೆ, ಚಿಕಿತ್ಸಾಲಯ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ತು, ರಸ್ತೆ ಮುಂತಾದ ಹದಿಮೂರು ಬಗೆಯ ಸೌಕರ್ಯಗಳಿಗೆ, ಒಂದೊಂದಕ್ಕೂ ಒಂದು ಹೆಕ್ಟೇರಿಗೆ ಕಡಮೆಯಾದ ಅರಣ್ಯಭೂಮಿಯನ್ನು ಬಿಟ್ಟುಕೊಡಲು ಅವಕಾಶವಿತ್ತಿದೆ. ಹೆಕ್ಟೇರಿಗೆ ಎಪ್ಪತ್ತೈದಕ್ಕಿಂತ ಹೆಚ್ಚು ಮರಗಳನ್ನು ಕಡಿಯಕೂಡದು. ಇನ್ನೊಂದು ನಿಬಂಧನೆ: ಗ್ರಾಮಸಭೆಯು ಅದಕ್ಕೆ ಶಿಫಾರಸು ಮಾಡಿರಬೇಕು. ಇದರಿಂದ ಎಲ್ಲ ತೊಡಕುಗಳೂ ಬಿಡಿಸಿಹೋಗುವುವೆಂದಲ್ಲ. ಉದ್ದವಾದ ರಸ್ತೆಗೆ ಒಂದು ಹೆಕ್ಟೇರು ಸಾಲದು, ವನ್ಯಧಾಮದ ಇತರ ನಿಯಮಗಳೂ ಅಡ್ಡಬರುವುವು. ಆದರೂ ಬೀಗದ ಕೈಗಳಲ್ಲಿ ಒಂದನ್ನು ಶಾಸನವು ಊರಿನವರ ಕೈಯಲ್ಲಿಯೇ ಇಟ್ಟಿದೆ. ಇದನ್ನು ಕಾಡಂಚಿನ ಊರುಗಳಿಗೆ ಓದಿ ಹೇಳಿ, ನಿರ್ಣಯವನ್ನು ತಪ್ಪಿಲ್ಲದೆ ಬರೆದುಕೊಡುವುದಕ್ಕೆ ಪೇಟೆಯಿಂದ ಎಷ್ಟು ಮಂದಿ ಪದವೀಧರರು ಹೋದರು?

ಯಳಂದೂರಿನ ಕಡೆಗೆ ತಿರುಗಿದರೆ ಇದಕ್ಕೆ ಪ್ರತಿಯಾದ ದೃಷ್ಟಾಂತವು ಸಿಕ್ಕುವುದು. ಬಿಳಿಗಿರಿರಂಗನ ಬೆಟ್ಟವು 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆ ವರ್ಷದಲ್ಲಿಯೇ ಅಲ್ಲಿಯ ಸೋಲಿಗರು ಪೋಡು ಪೋಡುಗಳಲ್ಲಿ ಸಭೆ ಸೇರಿ, ತಮ್ಮ ಕಾಡಿನ ಎಲ್ಲೆಯನ್ನು ಗುರುತಿಸಿ, ನಿರ್ಣಯಗಳನ್ನು ಮಾಡಿ ಸಲ್ಲಿಸಿದ್ದರ ಫಲವಾಗಿ ಇಪ್ಪತ್ತಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇಂತಹ ಹಕ್ಕನ್ನು ಮೊದಲು ಪಡೆದವರು ಇವರೇ. ಪೇಟೆಯವರು ಯಾರನ್ನು ಕಾಡುಜನರೆಂದು ಕರೆಯುತ್ತ ಬಂದರೋ ಅವರು ಸಭೆಯ ಬೆಲೆಯನ್ನು ಅರಿತಿದ್ದರು, ವ್ಯಾಕರಣವನ್ನೋದಿದವರು ಅರಿಯಲಿಲ್ಲ.

ಹೆಂಗಸರ ವಿಷಯವೂ ಹೀಗೆಯೇ. 2010ರಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲಾಗಿವೆ. ಆದರೆ ಎಷ್ಟೋ ಕಡೆಗಳಲ್ಲಿ ಅಧ್ಯಕ್ಷೆಯು ಕುರ್ಚಿಯಲ್ಲಿ ಕುಳಿತಿರುವಳು, ಆಕೆಯ ಯಜಮಾನರು ಹಿಂದೆ ನಿಂತು ಮಾತನಾಡುವರು. ಯಳಂದೂರು ಸಂಚಿಯ ಹೊನ್ನಮ್ಮನ ಊರು. ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿದಿದ್ದ ಆ ಹೆಣ್ಣುಮಗಳು ಮುನ್ನೂರು ವರ್ಷಗಳಿಗೂ ಹಿಂದೆ ಕಾವ್ಯವನ್ನು ಬರೆದಳೆಂದು ಪ್ರತಿ ಉತ್ಸವದಲ್ಲಿಯೂ ಹೊಗಳುವ ಮಹನೀಯರು, ತಮ್ಮ ಮನೆಯ ಹೆಣ್ಣುಮಕ್ಕಳನ್ನು ಗ್ರಾಮಸಭೆಗೆ ಕಳುಹಿಸಿದ್ದುಂಟೆ?

ಲೆಕ್ಕ ಕೇಳುವುದು ಪರದೇಶದಿಂದ ಬಂದ ಪದ್ಧತಿಯೆಂದು ಯಾರೂ ಭ್ರಮಿಸಬಾರದು. ಸುಮಾರು 920ರ ಪರಾಂತಕ ಚೋಳನ ಕಾಲದ ಉತ್ತರಮೇರೂರು ಶಾಸನವು, ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಮತ್ತೆ ಆರಿಸಲ್ಪಡಲು ಅರ್ಹರಲ್ಲವೆಂದು ವಿಧಿಸಿದೆ. ಮುಂದಿನ ಶತಮಾನದಲ್ಲಿ ತಲಕಾಡನ್ನು ಗೆದ್ದು ಕಾವೇರಿಯ ಈ ತೀರವನ್ನು ಆಳಿದವರೂ ಆ ಚೋಳರೇ. ಅಂದು ಕಲ್ಲಿನ ಮೇಲೆ ಕೆತ್ತಿಸಿದ್ದು ಲೆಕ್ಕ ಕೊಡದವನಿಗೆ ಸ್ಥಾನವಿಲ್ಲವೆಂಬ ನಿಯಮವನ್ನು. ಇಂದು ಕೆತ್ತಿಸುವುದು ಸಮಾರಂಭಕ್ಕೆ ಬಂದವರ ಹೆಸರುಗಳನ್ನು.

ಮಾಡತಕ್ಕ ಕೆಲಸವು ದೊಡ್ಡದೇನೂ ಅಲ್ಲ. ಓದುಬರಹ ಬಲ್ಲ ಪ್ರತಿಯೊಂದು ಮನೆಯಿಂದ ಒಬ್ಬರು, ಸಾಧ್ಯವಾದರೆ ಹೆಂಗಸರೊಬ್ಬರು, ಗ್ರಾಮಸಭೆಗೆ ಹೋಗಲಿ. ಹಿಂದಿನ ಸಭೆಯ ನಡಾವಳಿಯನ್ನು ಮೊದಲು ಓದಿಸಲಿ. ಹಿಂದಿನ ವರ್ಷದ ಕ್ರಿಯಾಯೋಜನೆಯಲ್ಲಿದ್ದ ಕಾಮಗಾರಿಗಳಲ್ಲಿ ಯಾವುದು ಮುಗಿಯಿತು, ಯಾವುದಕ್ಕೆ ಎಷ್ಟು ಬಿಲ್ಲು ಪಾವತಿಯಾಯಿತು ಎಂದು ಕೇಳಲಿ. ಉತ್ತರವನ್ನು ಬರೆದುಕೊಂಡು ಬಾರದವರಿಗೆ ಓದಿ ಹೇಳಲಿ. ಮನೆಗೆ ಬಂದ ಸಹಿಯ ಪುಸ್ತಕವನ್ನು ಸಹಿಯಿಲ್ಲದೆ ಹಿಂದಕ್ಕೆ ಕಳುಹಿಸಲಿ. ಇಷ್ಟನ್ನೂ ಮಾಡದೆ, ಊರು ಕೆಟ್ಟಿತೆಂದು ಜಗಲಿಯಲ್ಲಿ ಕುಳಿತು ಮರುಗುವವರ ಮಾತಿಗೆ ಊರು ಕಿವಿಗೊಡಬೇಕಾದ ಕಾರಣವಿಲ್ಲ.