ವಿಂಡೋ ಮುಚ್ಚಿದರೆ ಲಾಗ್‌ಔಟ್ ಆದಂತೆಯೇ?

ಯಡ್ತರೆಯ ಒಂದು ಜೆರಾಕ್ಸ್ ಅಂಗಡಿಗೆ ಅರ್ಜಿಯೊಂದರ ಪ್ರಿಂಟ್ ತೆಗೆಸಲು ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಇಮೇಲ್ ವಿಳಾಸ ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳುವ ಪುಟ ಬರಲೇ ಇಲ್ಲ. ಅದರ ಬದಲು ಯಾರದೋ ಇನ್‌ಬಾಕ್ಸ್ ತೆರೆದುಕೊಂಡಿತು. ಬ್ಯಾಂಕಿನಿಂದ ಬಂದ ಪತ್ರ, ಕಾಲೇಜು ಶುಲ್ಕದ ರಸೀದಿ, ಆಧಾರ್ ಪ್ರತಿ ಎಲ್ಲದರ ಶೀರ್ಷಿಕೆ ಕಣ್ಣೆದುರಿಗೇ ಇತ್ತು.

"ಹ್ವಾಯ್, ಇದ್ ಯಾರ್ದ್ ಮಾರಾಯ್ರೆ?" ಎಂದು ಕೇಳಿದೆ. ಅಂಗಡಿಯವರು ಬಗ್ಗಿ ನೋಡಿ, "ಈಗಷ್ಟೇ ಒಬ್ರ್ ಬಂದ್ ಹೋದ್ರ್. ಕ್ಲೋಸ್ ಮಾಡಿಯೇ ಹೋದ್ರ್ ಅಲ್ದಾ?" ಎಂದರು.

ಅವರು ಹೇಳಿದ್ದು ನಿಜ. ಹೋದವರು ವಿಂಡೋ ಮುಚ್ಚಿಯೇ ಹೋಗಿದ್ದರು, ಆದರೆ ಲಾಗ್‌ಔಟ್ ಆಗಿರಲಿಲ್ಲ. ಇವೆರಡೂ ಒಂದೇ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಏಕೆ ಒಂದೇ ಅಲ್ಲ ಎಂದು ತಿಳಿಯಬೇಕಾದರೆ, ಜಾಲತಾಣಗಳು ನಮ್ಮನ್ನು ಹೇಗೆ ಗುರುತು ಹಿಡಿಯುತ್ತವೆ ಎಂಬುದನ್ನು ನೋಡಬೇಕು.

ವೆಬ್‌ಗೆ ಹುಟ್ಟಿನಿಂದಲೇ ಮರೆವು

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಕ್ಕೆ ಎಚ್‌ಟಿಟಿಪಿ ಎಂದು ಹೆಸರು. ಈ ನಿಯಮದಲ್ಲಿ ನೆನಪಿಗೆ ಜಾಗವಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ಅದರ ಪಾಲಿಗೆ ನೀವು ಹೊಸಬರು. ಹೀಗೇ ಬಿಟ್ಟಿದ್ದರೆ ಪ್ರತಿ ಕ್ಲಿಕ್ಕಿಗೂ ಪಾಸ್‌ವರ್ಡ್ ಹಾಕಬೇಕಾಗುತ್ತಿತ್ತು.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಸರ್ವರ್ ಒಂದು ಸಣ್ಣ ಗುರುತನ್ನು ಬ್ರೌಸರಿಗೆ ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಇದೇ ಕುಕಿ.

ಜನ ಸೇರುವ ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡನ್ನು ನೆನಪಿಸಿಕೊಳ್ಳಿ. ಚಪ್ಪಲಿ ಕೊಟ್ಟರೆ ಟೋಕನ್ ಸಿಗುತ್ತದೆ. ವಾಪಸ್ ಬಂದಾಗ ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಮುಖ ನೋಡುವುದಿಲ್ಲ. ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದು. ಲಾಗಿನ್ ಆಗುವುದೂ ಹೀಗೆಯೇ. ಪಾಸ್‌ವರ್ಡ್ ಮತ್ತು ಒಟಿಪಿಗೆ ಕೆಲಸವಿರುವುದು ಬಾಗಿಲಲ್ಲಿ ಮಾತ್ರ. ಒಳಗೆ ಹೋದ ಮೇಲೆ ಸರ್ವರ್ ನೋಡುವುದು ಟೋಕನ್ನನ್ನು. ಆ ಟೋಕನ್ ಚಾಲ್ತಿಯಲ್ಲಿರುವ ಅವಧಿಯೇ 'ಸೆಷನ್'.

ಒಂದು ವ್ಯತ್ಯಾಸವಿದೆ. ಸ್ಟ್ಯಾಂಡಿನವರು 41, 42, 43 ಎಂದು ಸಾಲಾಗಿ ಟೋಕನ್ ಕೊಡಬಹುದು, ಜಾಲತಾಣ ಹಾಗೆ ಕೊಡುವಂತಿಲ್ಲ. ಸಾಲಾಗಿ ಕೊಟ್ಟರೆ ನನ್ನ ಸಂಖ್ಯೆಗೆ ಒಂದು ಕೂಡಿಸಿ ನಿಮ್ಮ ಖಾತೆಗೆ ನುಗ್ಗಬಹುದು. ವೆಬ್ ಸುರಕ್ಷತೆಯ ಮಾರ್ಗಸೂಚಿ ರೂಪಿಸುವ ಒವಾಸ್ಪ್ ಸಂಸ್ಥೆಯ ಪ್ರಕಾರ ಟೋಕನ್ನಿನಲ್ಲಿ ಕನಿಷ್ಠ 64 ಬಿಟ್‌ನಷ್ಟು ಊಹಿಸಲಾಗದ ಅಂಶ ಇರಬೇಕು. ಅಂದರೆ ಸುಮಾರು 18ರ ಮುಂದೆ 18 ಸೊನ್ನೆ ಬರೆದಷ್ಟು ಸಾಧ್ಯತೆಗಳು. ಊಹಿಸುವುದು ಇಷ್ಟು ಕಷ್ಟವಾದ್ದರಿಂದ ಕಳ್ಳರು ಟೋಕನ್ನನ್ನೇ ಕದಿಯಲು ನೋಡುತ್ತಾರೆ.

ನಾಲ್ಕು ತಪ್ಪು ತಿಳಿವಳಿಕೆಗಳು

"ವಿಂಡೋ ಮುಚ್ಚಿದರೆ ಸಾಕು." ಸಾಲದು. ಕೆಲವು ಕುಕಿಗಳು ಬ್ರೌಸರ್ ಪೂರ್ತಿ ಮುಚ್ಚಿದಾಗ ಅಳಿದುಹೋಗುತ್ತವೆ, ನಿಜ. ಆದರೆ 'ನನ್ನನ್ನು ನೆನಪಿಡಿ' ಎಂಬಲ್ಲಿ ಟಿಕ್ ಮಾಡಿದ್ದರೆ ಟೋಕನ್ ಹಲವು ದಿನ ಉಳಿಯಬಹುದು. ಬ್ರೌಸರಿನಲ್ಲಿ 'ಬಿಟ್ಟಲ್ಲಿಂದ ಮುಂದುವರಿಸು' ಎಂಬ ಸೆಟ್ಟಿಂಗ್ ಇದ್ದರೆ ಹಳೆಯ ಸೆಷನ್ ಮತ್ತೆ ಜೀವ ಪಡೆಯುತ್ತದೆ. ಲಾಗ್‌ಔಟ್ ಒತ್ತಿದಾಗ ಮಾತ್ರ ನೀವು "ಈ ಟೋಕನ್ ರದ್ದು ಮಾಡು" ಎಂದು ಸರ್ವರಿಗೆ ಹೇಳಿದಂತೆ. ಹೇಳದೆ ಹೋದರೆ ಟೋಕನ್ ಮೇಜಿನ ಮೇಲೆ ಬಿಟ್ಟು ಎದ್ದು ಹೋದ ಹಾಗೆ.

"ಪಾಸ್‌ವರ್ಡ್ ಗಟ್ಟಿಯಾಗಿದೆ, ಒಟಿಪಿಯೂ ಇದೆ, ಭಯವಿಲ್ಲ." ಇವೆರಡೂ ಬಾಗಿಲು ಕಾಯುತ್ತವೆ, ಟೋಕನ್ ಕಾಯುವುದಿಲ್ಲ. 2010ರಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ 'ಫೈರ್‌ಶೀಪ್' ಎಂಬ ಸಲಕರಣೆ ಬಿಡುಗಡೆ ಮಾಡಿ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಪಕ್ಕದಲ್ಲಿ ಕೂತವರ ಫೇಸ್‌ಬುಕ್ ಕುಕಿ ಹಿಡಿದು ಅವರ ಖಾತೆಗೆ ಹೋಗಲು ಎರಡು ಕ್ಲಿಕ್ ಸಾಕಾಗಿತ್ತು. ಆಗ ಅನೇಕ ತಾಣಗಳು ಲಾಗಿನ್ ಪುಟವನ್ನಷ್ಟೇ ಗೂಢಲಿಪಿಯಲ್ಲಿ ಕಳಿಸಿ, ಉಳಿದದ್ದನ್ನು ಬಯಲಲ್ಲಿ ಬಿಡುತ್ತಿದ್ದವು. ಇಂದು ವಿಳಾಸದ ಆರಂಭದಲ್ಲಿ 'ಎಚ್‌ಟಿಟಿಪಿಎಸ್' ಸಾಮಾನ್ಯವಾಗಿರುವುದಕ್ಕೆ ಇಂಥ ಎಚ್ಚರಿಕೆಗಳೂ ಕಾರಣ. ಆದರೂ ಕಳ್ಳತನ ನಿಂತಿಲ್ಲ. 2023ರ ಮಾರ್ಚ್‌ನಲ್ಲಿ 'ಲೈನಸ್ ಟೆಕ್ ಟಿಪ್ಸ್' ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕಳ್ಳರ ಪಾಲಾಯಿತು. ಪ್ರಾಯೋಜಕರ ಪತ್ರದಂತೆ ಕಾಣುತ್ತಿದ್ದ ಕಡತವನ್ನು ಸಿಬ್ಬಂದಿಯೊಬ್ಬರು ತೆರೆದಿದ್ದರು. ಅದರೊಳಗಿದ್ದ ಕುತಂತ್ರಾಂಶ ಬ್ರೌಸರಿನಲ್ಲಿದ್ದ ಸೆಷನ್ ಟೋಕನ್ ಕದ್ದಿತು. ಕಳ್ಳರಿಗೆ ಪಾಸ್‌ವರ್ಡೂ ಬೇಕಾಗಲಿಲ್ಲ, ಒಟಿಪಿಯೂ ಬೇಕಾಗಲಿಲ್ಲ.

"ಪಾಸ್‌ವರ್ಡ್ ಬದಲಿಸಿದರೆ ಎಲ್ಲರೂ ಹೊರಬೀಳುತ್ತಾರೆ." ಅದು ಆಯಾ ತಾಣದವರು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಕೆಲವು ತಾಣಗಳು ಹಳೆಯ ಟೋಕನ್‌ಗಳನ್ನೆಲ್ಲ ರದ್ದು ಮಾಡುತ್ತವೆ, ಕೆಲವು ಮಾಡುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಿಂದ ಟೋಕನ್‌ಗಳು ಕಳುವಾದಾಗ ಕಂಪನಿಯೇ ಸುಮಾರು 9 ಕೋಟಿ ಜನರ ಟೋಕನ್ ರದ್ದುಪಡಿಸಿ ಮತ್ತೆ ಲಾಗಿನ್ ಆಗುವಂತೆ ಮಾಡಿತ್ತು. ಕಳುವಾದದ್ದು ಪಾಸ್‌ವರ್ಡ್ ಅಲ್ಲವಾದ್ದರಿಂದ ಅದನ್ನು ಬದಲಿಸಿ ಎಂದು ಯಾರಿಗೂ ಹೇಳಲಿಲ್ಲ.

"ಇನ್‌ಕಾಗ್ನಿಟೋ ಬಳಸಿದರೆ ಏನೂ ಆಗದು." ಆ ವಿಂಡೋಗಳನ್ನೆಲ್ಲ ಮುಚ್ಚಿದ ಮೇಲೆ ಕುಕಿ ಅಳಿಯುತ್ತದೆ, ಅಷ್ಟು ಲಾಭ ಖಂಡಿತ ಇದೆ. ತೆರೆದೇ ಬಿಟ್ಟು ಎದ್ದು ಹೋದರೆ ಏನೂ ಪ್ರಯೋಜನವಿಲ್ಲ.

ಟೋಕನ್ ಎಷ್ಟು ಹೊತ್ತು ಬದುಕಬೇಕು?

ಹಾಗಾದರೆ ಎರಡು ನಿಮಿಷಕ್ಕೆ ಎಲ್ಲರನ್ನೂ ಹೊರಗೆ ಹಾಕಿಬಿಟ್ಟರಾಯಿತಲ್ಲ? ಅದು ಅಷ್ಟು ಸರಳವಲ್ಲ.

ಹಳ್ಳಿಯ ಸೇವಾ ಕೇಂದ್ರದಲ್ಲಿ ಅರ್ಧ ಗಂಟೆ ಕೂತರೆ ಇದು ತಿಳಿಯುತ್ತದೆ. ಅಜ್ಜಿ ಯಾವುದೋ ಅರ್ಜಿಗೆ ಬಂದಿರುತ್ತಾರೆ. ಅವರ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಬೆಂಗಳೂರಿನಲ್ಲಿರುವ ಮಗನದು. ಒಟಿಪಿ ಅಲ್ಲಿಗೆ ಹೋಗುತ್ತದೆ. ಇಲ್ಲಿಂದ ಫೋನ್ ಮಾಡಿದರೆ ಮಗ ಮೀಟಿಂಗಿನಲ್ಲಿ. ಅವನು ವಾಪಸ್ ಕರೆ ಮಾಡಿ ಆರು ಅಂಕೆ ಹೇಳುವಷ್ಟರಲ್ಲಿ ಪರದೆಯ ಮೇಲೆ 'ಸೆಷನ್ ಎಕ್ಸ್‌ಪೈರ್ಡ್'. ತುಂಬಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ. ಹಿಂದೆ ಸಾಲು ನಿಂತಿರುತ್ತದೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ನಿಂತವರಿಗೆ ಇಂಥ ಕಾಯುವಿಕೆ ಚೆನ್ನಾಗಿ ಗೊತ್ತು. ಅವಧಿ ತೀರಾ ಕಡಿಮೆಯಾದರೆ ಪೆಟ್ಟು ಬೀಳುವುದು ನಿಧಾನವಾಗಿ ಟೈಪ್ ಮಾಡುವವರಿಗೆ, ನೆಟ್‌ವರ್ಕ್ ಇಲ್ಲದವರಿಗೆ, ಕಣ್ಣು ಮಂಜಾದವರಿಗೆ. ತೀರಾ ಹೆಚ್ಚಾದರೆ ಜೆರಾಕ್ಸ್ ಅಂಗಡಿಯಲ್ಲಿ ಇನ್‌ಬಾಕ್ಸ್ ಬಿಟ್ಟುಹೋದವರಿಗೆ.

ಹಣದ ವ್ಯವಹಾರದಂಥ ಸೂಕ್ಷ್ಮ ತಾಣಗಳಲ್ಲಿ ಏನೂ ಮಾಡದೆ ಕೂತರೆ 2ರಿಂದ 5 ನಿಮಿಷಕ್ಕೆ, ಅಪಾಯ ಕಡಿಮೆ ಇರುವಲ್ಲಿ 15ರಿಂದ 30 ನಿಮಿಷಕ್ಕೆ ಸೆಷನ್ ಮುಗಿಸುವುದು ರೂಢಿ ಎಂದು ಒವಾಸ್ಪ್ ಹೇಳುತ್ತದೆ. ಇನ್ನೊಂದೆಡೆ, ಎಲ್ಲರಿಗೂ ಬಳಸಲು ಬರುವಂತೆ ತಾಣ ಕಟ್ಟಲು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಮಯ ಮುಗಿಯುವ ಮುನ್ನ ಬಳಕೆದಾರರನ್ನು ಎಚ್ಚರಿಸಿ, ಒಂದು ಗುಂಡಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡುವುದನ್ನು ಒಂದು ದಾರಿಯಾಗಿ ಸೂಚಿಸುತ್ತದೆ. ತುಂಬಿದ ಅರ್ಜಿಯನ್ನು ಕರಡಾಗಿ ಉಳಿಸಿ, ಲಾಗಿನ್ ಮಾತ್ರ ಮತ್ತೆ ಕೇಳುವುದೂ ಸಾಧ್ಯ. ಹೀಗೆ ಮಾಡಿದರೆ ಸುರಕ್ಷತೆಗಾಗಿ ಅಜ್ಜಿಯ ಅರ್ಧ ದಿನ ಬಲಿಕೊಡಬೇಕಿಲ್ಲ.

ನಾವು ಮಾಡಬಹುದಾದದ್ದು

ಬೇರೆಯವರ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಒತ್ತಿಯೇ ಏಳಿ. 'ನನ್ನನ್ನು ನೆನಪಿಡಿ', 'ಪಾಸ್‌ವರ್ಡ್ ಉಳಿಸಿ' ಎಂದು ಕೇಳಿದರೆ ಬೇಡ ಎನ್ನಿ. ಮರೆತು ಬಂದಿದ್ದರೂ ದಾರಿಯಿದೆ: ಗೂಗಲ್ ಖಾತೆಯಲ್ಲಿ 'ನಿಮ್ಮ ಸಾಧನಗಳು', ವಾಟ್ಸಾಪ್‌ನಲ್ಲಿ 'ಲಿಂಕ್ ಮಾಡಲಾದ ಸಾಧನಗಳು' ಎಂಬ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನು ಮೊಬೈಲಿನಿಂದಲೇ ಅಲ್ಲಿ ತೆಗೆದುಹಾಕಬಹುದು. ಸೈಬರ್ ಅಂಗಡಿಯವರು ಗಿರಾಕಿಗಳಿಗೆ ಬ್ರೌಸರಿನ 'ಗೆಸ್ಟ್ ಮೋಡ್' ತೆರೆದುಕೊಟ್ಟರೆ, ಆ ವಿಂಡೋ ಮುಚ್ಚಿದೊಡನೆ ಕುಕಿಗಳು ತಾವೇ ಅಳಿಯುತ್ತವೆ.

ಇಮೇಲ್ ವಿಷಯದಲ್ಲಂತೂ ಉದಾಸೀನ ಬೇಡ. 'ಪಾಸ್‌ವರ್ಡ್ ಮರೆತಿರಾ?' ಎಂದು ಒತ್ತಿದಾಗ ಎಷ್ಟೋ ತಾಣಗಳು ಹೊಸ ಪಾಸ್‌ವರ್ಡಿನ ಕೊಂಡಿ ಕಳಿಸುವುದು ಅಲ್ಲಿಗೇ. ಆ ದಿನ ಅಂಗಡಿಯಲ್ಲಿ ನನ್ನೆದುರು ತೆರೆದಿದ್ದ ಇನ್‌ಬಾಕ್ಸ್ ಒಂದರಿಂದಲೇ ಆ ಮನೆಯ ಇನ್ನೆಷ್ಟು ಖಾತೆಗಳಿಗೆ ದಾರಿಯಿತ್ತೋ. ನಾನು ಲಾಗ್‌ಔಟ್ ಒತ್ತಿ, ಪುಟವನ್ನು ಮತ್ತೊಮ್ಮೆ ತೆರೆದು ನೋಡಿದೆ. ಪಾಸ್‌ವರ್ಡ್ ಕೇಳಿತು. ಆಮೇಲೆಯೇ ನನ್ನ ಪ್ರಿಂಟ್ ತೆಗೆದದ್ದು.