ನೀರ ನಡುವಿನ ಬೇಸಿಗೆ ಮನೆ

ಬೇಸಿಗೆ ರಜೆ ಬಂತೆಂದರೆ ನಮ್ಮ ಮಕ್ಕಳದು ಒಂದೇ ಹಠ. "ಅಮ್ಮಿ, ಸಮುದ್ರಕ್ಕೆ ಹೋಗೋಣ." ಹೊನ್ನಾಳಿಯಲ್ಲಿ ಕುಳಿತವರಿಗೆ ಸಮುದ್ರವೆಂದರೆ ಘಟ್ಟ ಇಳಿಯಬೇಕು, ಲಾಡ್ಜ್ ಮಾಡಬೇಕು. ಅಷ್ಟು ಖರ್ಚು ನಮಗೆಲ್ಲಿಯದು? ಜಗಳೂರಿನಿಂದ ನಾದಿನಿಯೂ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಅವರದು ಮಳೆಯನ್ನೇ ಕಾಯುವ ಊರು. ಆ ಮಕ್ಕಳಿಗೆ ತುಂಬಿದ ಕೆರೆಯೇ ದೊಡ್ಡ ಸಮುದ್ರ. ಹಾಗಾಗಿ ಪುಲಾವ್, ಮೊಸರು ಬಜ್ಜಿ, ಒಂದು ಚೀಲ ಖಾರ ಮಂಡಕ್ಕಿ ಕಟ್ಟಿಕೊಂಡು, ವ್ಯಾನೊಂದನ್ನು ಗೊತ್ತುಮಾಡಿ ಬಸವಾಪಟ್ಟಣದ ದಾರಿ ಹಿಡಿದೆವು.

ಮೊದಲು ಸೂಳೆಕೆರೆ. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಗಾಳಿಗೆ ಏಳುವ ಅಲೆ ಕಂಡು ಚಿಕ್ಕವಳು "ಇದೇ ಸಮುದ್ರನಾ?" ಎಂದಳು. ಶಾಂತವ್ವ ಎಂಬ ಅರಸು ಮನೆತನದ ಹೆಣ್ಣುಮಗಳು ಕಟ್ಟಿಸಿದ ಕೆರೆ ಇದೆಂದು ಜನ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ನೀರಂತೂ ನಿಜ. ಸುತ್ತಲ ಗದ್ದೆ ತೋಟಗಳು ಇದನ್ನೇ ನಂಬಿವೆ, ಚಿತ್ರದುರ್ಗದವರು ಕುಡಿಯುವುದೂ ಇಲ್ಲಿಂದ ಹೋದ ನೀರನ್ನು.

ಅಲ್ಲಿಂದ ಸಂತೇಬೆನ್ನೂರಿಗೆ ಹೋದೆವು. ಚನ್ನಗಿರಿ ತಾಲೂಕಿನ ಈ ಊರಿನಲ್ಲಿ ಒಂದು ಮನೆತನದ ಬೇಸಿಗೆಯ ವಿಹಾರ ತಾಣವಿದೆ. ಸಮುದ್ರ ದಂಡೆಯದ್ದಲ್ಲ, ನೀರಿನ ನಡುವಿನದ್ದು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ ದೊಡ್ಡ ಹೊಂಡ, ಮೂಲೆಗಳಲ್ಲಿ ಪುಟ್ಟ ಮಂಟಪಗಳು, ನಟ್ಟನಡುವೆ ಗೋಪುರವಿರುವ ವಸಂತ ಮಂಟಪ. ದಂಡೆಯಿಂದ ಅದಕ್ಕೆ ಸೇತುವೆಯಿಲ್ಲ, ತೆಪ್ಪದಲ್ಲೇ ಹೋಗಬೇಕು. ಬಸವಾಪಟ್ಟಣದಿಂದ ಬಂದ ಪಾಳೇಗಾರರ ಮನೆತನದ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಇಲ್ಲಿ ಅರಮನೆಯನ್ನೂ, ರಂಗನಾಥನ ದೇವಾಲಯವನ್ನೂ, ಅದರ ಮುಂದೆ ಈ ಹೊಂಡವನ್ನೂ ಕಟ್ಟಿಸಿದ.

ಫ್ಯಾನು, ಕೂಲರ್ ಇಲ್ಲದ ಕಾಲ ಅದು. ನೀರಿನ ಮೇಲೆ ಹಾದು ಬರುವ ಗಾಳಿ ತಂಪಾಗುತ್ತದೆ. ಕಮಾನುಗಳು ಆ ಗಾಳಿಯನ್ನು ಒಳಗೆ ಬಿಡುತ್ತವೆ, ದಪ್ಪ ಗಾರೆಯ ಗೋಡೆ ಬಿಸಿಲನ್ನು ಹೊರಗೇ ತಡೆಯುತ್ತದೆ. ನಾವು ಹೂಜಿಗೆ ಒದ್ದೆ ಬಟ್ಟೆ ಸುತ್ತಿ ನೀರು ತಂಪು ಮಾಡುತ್ತೇವಲ್ಲ, ಅದೇ ಉಪಾಯ. ಟಿಪ್ಪು ಸುಲ್ತಾನ್ 1784ರಲ್ಲಿ ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಪೂರ್ಣಗೊಳಿಸಿದ ಬೇಸಿಗೆ ಅರಮನೆಗೂ ತೋಟದ ನೆರಳು, ಹೊಳೆಯ ಗಾಳಿಯೇ ಆಸರೆ. ಸಮುದ್ರವಿಲ್ಲದ ಆ ಊರಿನ ಅರಮನೆಯ ಹೆಸರು ದರಿಯಾ ದೌಲತ್, ಅಂದರೆ ಸಾಗರದ ಸಂಪತ್ತು!

ಹೊಂಡದ ಪಕ್ಕದಲ್ಲೇ ಇನ್ನೊಂದು ದೊಡ್ಡ ಕಟ್ಟಡವಿದೆ. ಜನ ಅದನ್ನು ಮುಸಾಫಿರ್‌ಖಾನಾ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ನಾದಿನಿಯ ಮುಖ ಅರಳಿತು. "ಪ್ರಯಾಣಿಕರಿಗೆ ತಂಗಲು ನಮ್ಮವರು ಕಟ್ಟಿಸಿದ್ದು" ಎಂದು ಮಕ್ಕಳಿಗೆ ಹೇಳಿದಳು. ಅಷ್ಟರಲ್ಲಿ ಏಳನೇ ತರಗತಿಯ ನನ್ನ ಮಗ, "ಅಮ್ಮಿ, ಇಲ್ಲಿ ಮೊದಲು ದೇವಸ್ಥಾನ ಇತ್ತಂತೆ, ಕೆಡವಿದರಂತೆ. ಕ್ಲಾಸಿನಲ್ಲಿ ನನ್ನ ಗೆಳೆಯ ಹೇಳಿದ. ಕೆಡವಿದ್ದು ನಮ್ಮವರೇನಾ?" ಎಂದ.

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. "ಅದೆಲ್ಲ ಸುಳ್ಳು, ಬಾ ಊಟ ಮಾಡು" ಎಂದು ಬಿಡಬಹುದಿತ್ತು. ನಾದಿನಿಯೂ ಹಾಗೆಯೇ ಕಣ್ಸನ್ನೆ ಮಾಡಿದಳು. ಆದರೆ ಗೆಜೆಟಿಯರ್‌ನಲ್ಲಿರುವ ವಿವರವನ್ನು ನಾನು ಓದಿದ್ದೆ. ಬಿಜಾಪುರದ ಆದಿಲ್‌ಶಾಹಿಯ ಸೇನಾನಿ ರಣದುಲ್ಲಾ ಖಾನ್ 17ನೇ ಶತಮಾನದಲ್ಲಿ ಈ ಸೀಮೆಯ ಮೇಲೆ ದಂಡೆತ್ತಿ ಬಂದ. 1638ರಲ್ಲಿ ಕೆಂಪೇಗೌಡರ ಮನೆತನದಿಂದ ಬೆಂಗಳೂರನ್ನು ಗೆದ್ದವನೂ ಅವನೇ. ಸಂತೇಬೆನ್ನೂರನ್ನು ವಶಪಡಿಸಿಕೊಂಡಾಗ ದೇವಾಲಯವನ್ನು ಕೆಡವಿಸಿ ಆ ಜಾಗದಲ್ಲಿ ಮಸೀದಿ ಕಟ್ಟಿಸಿದನೆಂದೂ, ಊರು ಕಳೆದುಕೊಂಡ ಪಾಳೇಗಾರ ಮುಂದೆ ತಿರುಗಿ ಬಂದು ಸೇಡು ತೀರಿಸಿಕೊಂಡು ಆ ಮಸೀದಿಯನ್ನು ಅಪವಿತ್ರಗೊಳಿಸಿದನೆಂದೂ, ಆಮೇಲೆ ಅಲ್ಲಿ ಪ್ರಾರ್ಥನೆ ನಡೆಯಲಿಲ್ಲವೆಂದೂ ಅದರಲ್ಲಿದೆ.

ಮಗನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. "ನಿನ್ನ ಗೆಳೆಯ ಹೇಳಿದ್ದು ಪುಸ್ತಕದಲ್ಲೂ ಇದೆ ಮಗಾ. ಅದು ತಪ್ಪೇ. ಕೆಡವಿದವನ ಹೆಸರು ನಮ್ಮ ಹೆಸರಿನಂತಿದೆ ಎಂದಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಹಾಗೆಯೇ ಅವನು ಮಾಡಿದ್ದರ ಲೆಕ್ಕ ನಿನ್ನ ತಲೆಗೂ ಬರುವುದಿಲ್ಲ. ಅವನು ಬಂದದ್ದು ರಾಜ್ಯ ಗೆಲ್ಲಲು." ಖಲೀಫಾ ಉಮರ್ (ರ) ಜೆರುಸಲೇಮಿಗೆ ಹೋದಾಗ, ಚರ್ಚಿನೊಳಗೇ ನಮಾಝ್ ಮಾಡಿ ಎಂದು ಅಲ್ಲಿನ ಧರ್ಮಗುರು ಕರೆದರೂ ಒಪ್ಪದೆ ಹೊರಗೆ ಬಂದು ಮಾಡಿದ ಪ್ರಸಂಗ ಅವನಿಗೆ ನಾನಿಯ ಬಾಯಿಂದಲೇ ಗೊತ್ತು. ನಾನು ಒಳಗೆ ಮಾಡಿದರೆ ನಾಳೆ ನಮ್ಮವರು ಈ ಜಾಗವನ್ನೇ ಕೇಳಿಯಾರು ಎಂಬ ಅಂಜಿಕೆ ಉಮರರದು. "ಇಬ್ಬರಲ್ಲಿ ಯಾರ ಹಾಗೆ ಇರಬೇಕೆಂದು ನೀನೇ ಆರಿಸಿಕೊ" ಎಂದೆ. ಹುಡುಗ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. ಆಮೇಲೆ, "ಹಾಗಾದರೆ ಅವನ ಹತ್ತಿರ ಜಗಳ ಆಡಬೇಕಿಲ್ಲ" ಎಂದ.

ಈ ಹೊಂಡ ಕಟ್ಟಿದ ಮನೆತನದ ಮುಂದಿನ ಕಥೆಯೂ ದುಃಖದ್ದೇ. ಅವರು ತರೀಕೆರೆಗೆ ಹೋಗಿ ನೆಲೆಸಿ ತರೀಕೆರೆ ಪಾಳೇಗಾರರೆನಿಸಿಕೊಂಡರು. ಆ ವಂಶದ ಸರ್ಜಾ ಹನುಮಪ್ಪ ನಾಯಕ 1830ರ ನಗರ ದಂಗೆಯಲ್ಲಿ ಸೇರಿ ಕೊನೆಗೆ ಸೆರೆಸಿಕ್ಕು ಗಲ್ಲಿಗೇರಿದ. ದರಿಯಾ ದೌಲತ್‌ನ ಒಡೆಯರ ಗತಿಯಾದರೂ ಏನು? 1799ರಲ್ಲಿ ಟಿಪ್ಪು ಮಡಿದ ಮೇಲೆ ಹೆಂಡಿರು ಮಕ್ಕಳನ್ನು ವೆಲ್ಲೂರು ಕೋಟೆಗೆ ಸಾಗಿಸಲಾಯಿತು, ಅರಮನೆಯಲ್ಲಿ ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಬಂದು ವಾಸವಾದ. ಕಟ್ಟಿದವರೂ ಉಳಿಯಲಿಲ್ಲ, ಕಿತ್ತುಕೊಂಡವರೂ ಉಳಿಯಲಿಲ್ಲ.

ಇಂದು ಹೊಂಡವನ್ನೂ ಮುಸಾಫಿರ್‌ಖಾನೆಯನ್ನೂ ನೋಡಿಕೊಳ್ಳುವುದು ಒಂದೇ ಪುರಾತತ್ವ ಇಲಾಖೆ. ಒಬ್ಬ ನಾಯಕ ಕಟ್ಟಿದ ಮಂಟಪ, ಒಬ್ಬ ಖಾನ ಕಟ್ಟಿದ ಸಾಲು ಕಮಾನು, ಎರಡೂ ಒಂದೇ ಅಂಗಳದಲ್ಲಿವೆ. ಬುತ್ತಿ ಬಿಚ್ಚಲು ನಾವು ಹೊರಗೆ ಮರದ ನೆರಳಿಗೆ ಹೋದೆವು. ಅಲ್ಲಿ ಮೊದಲೇ ಕುಳಿತಿದ್ದ ಅಜ್ಜಿಯೊಬ್ಬರು ಸರಿದು ಜಾಗ ಕೊಟ್ಟರು. ನಮ್ಮ ಮಂಡಕ್ಕಿ ಅವರ ಮೊಮ್ಮಕ್ಕಳಿಗೆ ಹೋಯಿತು, ಅವರ ಹೋಳಿಗೆ ನಮ್ಮ ಮಕ್ಕಳಿಗೆ ಬಂತು.

ಸಹೋದರಿಯರೇ, ಇಂತಹ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಶಾಲೆಯಲ್ಲಿ, ಬೀದಿಯಲ್ಲಿ, ಮೊಬೈಲಿನಲ್ಲಿ ಎದುರಾಗುತ್ತಲೇ ಇರುತ್ತವೆ. ಮನೆಯಲ್ಲಿ ನಾವು ಬಾಯಿ ಮುಚ್ಚಿಸಿದರೆ ಅವರು ಉತ್ತರವನ್ನು ಬೇರೆಲ್ಲೋ ಹುಡುಕುತ್ತಾರೆ, ಆ ಉತ್ತರದಲ್ಲಿ ಬೆಂಕಿ ಇರಬಹುದು. ನಿಮ್ಮೂರಿನ ಹಳೆಯ ಕಟ್ಟಡದ ಕಥೆಯನ್ನು ಮೊದಲು ನೀವೇ ಓದಿಕೊಳ್ಳಿ. ಆಮೇಲೆ ಮಕ್ಕಳ ಕೈ ಹಿಡಿದು ಕರೆದುಕೊಂಡು ಹೋಗಿ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷ ನೋಡಿದರಾಯಿತು.